ಅಜ್ಜಿಯ ಧಾರೆ ಸೀರೆ: ಮಾರುವುದೋ, ಹಂಚಿಕೊಳ್ಳುವುದೋ, ಕಾಪಾಡುವುದೋ?

ಪ್ರಶ್ನೆ: ನಮ್ಮ ಅಜ್ಜಿ, ಅವ್ವನ ತಾಯಿ, ಧಾರವಾಡದವರು. ಹೋದ ವರ್ಷ ತೀರಿಕೊಂಡರು. ಅವರ ಟ್ರಂಕು ಈಗ ಬೆಂಗಳೂರಿನ ನಮ್ಮ ಮನೆಗೆ ಬಂದಿದೆ. ಅದರಲ್ಲಿ ಅಗಲ ಜರಿ ಅಂಚಿನ, ಹದಿನೆಂಟು ಮೊಳದ ಧಾರೆ ಸೀರೆ ಇದೆ. ಮಡಿಕೆಗಳಲ್ಲೆಲ್ಲ ಸೀಳುತ್ತಿದೆ, ಜರಿ ಕಪ್ಪಾಗಿದೆ, ಸೆರಗಿನ ಹತ್ತಿರ ಅರಿಸಿನದ ಕಲೆಗಳಿವೆ. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ, ಕೆಲವು ಇಳಕಲ್ ಸೀರೆ, ಒಂದು ಹಳೆಯ ಕೌದಿಯೂ ಇವೆ. ಹಳೆ ಜರಿ ಸೀರೆ ಕೊಳ್ಳುವವರೊಬ್ಬರು ಧಾರೆ ಸೀರೆಗೆ ಒಳ್ಳೆಯ ಬೆಲೆ ಹೇಳಿದ್ದಾರೆ. ಒಬ್ಬ ತಂಗಿ ಮಾರೋಣ ಅನ್ನುತ್ತಾಳೆ. ಇನ್ನೊಬ್ಬಳು ಮೂರು ಪಾಲು ಮಾಡಿ ಲಂಗ, ರವಿಕೆ ಹೊಲಿಸೋಣ ಅನ್ನುತ್ತಾಳೆ. ನನಗೆ ಹಾಗೇ ಇಟ್ಟುಕೊಳ್ಳುವ ಆಸೆ, ಹೇಗೆಂದು ತಿಳಿಯದು. ಡ್ರೈ ಕ್ಲೀನ್ ಮಾಡಿಸಲೇ? ಸದ್ಯದಲ್ಲೇ ಮನೆಯಲ್ಲಿ ಮಗು ಹುಟ್ಟಲಿದೆ, ಅಜ್ಜಿಯ ಸೀರೆಯಲ್ಲೇ ಸುತ್ತಬೇಕೆಂದು ಅವ್ವನ ಆಸೆ. ದಾರಿ ತೋರಿಸಿ.

ಉತ್ತರ: ಜರಿ ಕೊಳ್ಳುವವರಿಗೆ ಈಗಲೇ ಮಾತು ಕೊಡಬೇಡಿ. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ, ಅವರ ಲೆಕ್ಕವೇ ಬೇರೆ. ಅವರ ತಕ್ಕಡಿಯಲ್ಲಿ ತೂಗುವುದು ಬೆಳ್ಳಿ ಮಾತ್ರ. ರೇಷ್ಮೆಗೆ, ನೇಯ್ಗೆಗೆ, ಬಣ್ಣಕ್ಕೆ ಅಲ್ಲಿ ಕಾಸಿನ ಬೆಲೆಯಿಲ್ಲ. ಕೊಂಡ ಸೀರೆಯ ಅಂಚು, ಸೆರಗು ಬೇರ್ಪಡಿಸಿ ಸುಡುತ್ತಾರೆ. ರೇಷ್ಮೆ ಬೂದಿಯಾಗುತ್ತದೆ, ಉಳಿದ ಲೋಹವನ್ನು ಕರಗಿಸಿ ಬೆಳ್ಳಿ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ನೂರು ವರ್ಷ ಹಿಂದಿನ ಜರಿ ಸೀರೆಗಳು ಇಷ್ಟು ವಿರಳವಾಗಿರುವುದಕ್ಕೆ ಹುಳು, ತೇವದ ಜೊತೆಗೆ ಈ ಕುಲುಮೆಯೂ ಒಂದು ಕಾರಣ. ಬಡತನದ ವರ್ಷಗಳಲ್ಲಿ, ಬರ ಬಿದ್ದಾಗ, ಮಗಳ ಮದುವೆಗೆ ಹಣ ಹೊಂದದಾಗ ಎಷ್ಟೋ ಹೆಂಗಸರು ತಮ್ಮ ಧಾರೆ ಸೀರೆಯನ್ನು ಹೀಗೆ ಕೊಟ್ಟಿದ್ದಾರೆ. ಅವರನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಅಜ್ಜಿ ಕೊಡಲಿಲ್ಲ ಎನ್ನುವುದನ್ನು ಮಾತ್ರ ಗಮನಿಸಿ. ಅವರಿಗೂ ಕಷ್ಟದ ಕಾಲ ಬಂದಿದ್ದೀತು, ಆಗಲೂ ಈ ಸೀರೆ ಟ್ರಂಕಿನಲ್ಲೇ ಉಳಿಯಿತು. ಯಾಕೆ ಉಳಿಯಿತು ಎಂಬುದು ನಿಮ್ಮ ಮನೆಯಲ್ಲಿ ಯಾರಿಗೋ ಗೊತ್ತಿರುತ್ತದೆ. ಮಾರುವ ಮಾತು ಆಡುವ ಮುನ್ನ ಅವರನ್ನು ಕೇಳಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜರಿ ಅಸಲಿಯೋ ಅಲ್ಲವೋ ತಿಳಿಯಲು ಯಾರಿಗೂ ಎಳೆ ಕಿತ್ತು ಸುಡಲು ಬಿಡಬೇಡಿ. ಅಸಲಿ ಜರಿಯೆಂದರೆ ಕೂದಲಿಗಿಂತ ಸಣ್ಣಗೆ ಎಳೆದ ಬೆಳ್ಳಿ ತಂತಿ. ಅದನ್ನು ಚಪ್ಪಟೆ ಮಾಡಿ ರೇಷ್ಮೆ ಎಳೆಯ ಮೇಲೆ ಒತ್ತಾಗಿ ಸುತ್ತಿ, ಚಿನ್ನದ ತೆಳು ಲೇಪ ಕೊಟ್ಟಿರುತ್ತಾರೆ. ಮೈಸೂರು ಸಿಲ್ಕ್ ನೇಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆಂದು ಹೇಳುತ್ತದೆ. ಎಂದರೆ ಅಸಲಿಯಲ್ಲೂ ಚಿನ್ನ ಇರುವುದು ಹೆಸರಿಗಷ್ಟೇ, ತೂಕದ ಹೆಚ್ಚಿನ ಪಾಲು ಬೆಳ್ಳಿಯದು. ಟೆಸ್ಟೆಡ್ ಎಂದು ಕರೆಯುವ ಕಡಿಮೆ ಬೆಲೆಯ ಜರಿಯಲ್ಲಿ ಒಳಗೆ ತಾಮ್ರ, ಮೇಲೆ ಬೆಳ್ಳಿಯ ಲೇಪ. ಇತ್ತೀಚಿನ ಅಗ್ಗದ ಜರಿಯಲ್ಲಿ ಲೋಹದ ಬಣ್ಣ ಬಳಿದ ಪ್ಲಾಸ್ಟಿಕ್ ಪಟ್ಟಿ. ದೊಡ್ಡ ಚಿನ್ನದಂಗಡಿಗಳಲ್ಲಿ ಒಡವೆಯ ಶುದ್ಧತೆ ನೋಡುವ ಎಕ್ಸ್‌ರೇ ಯಂತ್ರವಿರುತ್ತದೆ, ಕ್ಯಾರೆಟ್ ಮೀಟರ್ ಎನ್ನುತ್ತಾರೆ. ಅಂಚನ್ನು ಅದರ ಮೇಲಿಟ್ಟರೆ ಬೆಳ್ಳಿಯೋ ತಾಮ್ರವೋ ತಿಳಿಯುತ್ತದೆ, ಒಂದು ಎಳೆಯನ್ನೂ ಕೀಳಬೇಕಾಗಿಲ್ಲ.

ಇನ್ನು ಟ್ರಂಕು. ಸೀರೆಗಳನ್ನು ಹೊರಗೆ ತೆಗೆದು ಒದರಿ, ಬಿಸಿಲಿಗೆ ಹಾಕಿ, ಕೆಳಗಿನ ಹಳೆ ಕಾಗದವನ್ನು ಕಸಕ್ಕೆಸೆದು ಹೊಸ ಕಾಗದ ಹಾಸುವುದು ನಮ್ಮ ಮನೆಗಳ ಅಭ್ಯಾಸ. ದಯವಿಟ್ಟು ಈ ಸಲ ಹಾಗೆ ಮಾಡಬೇಡಿ. ಮುಚ್ಚಳ ತೆಗೆದೊಡನೆ ಹೇಗಿದೆಯೋ ಹಾಗೇ ಫೋಟೊ ತೆಗೆಯಿರಿ. ಯಾವುದರ ಮೇಲೆ ಯಾವುದಿತ್ತು, ಯಾವ ಸೀರೆಯ ಮಡಿಕೆಯಲ್ಲಿ ಏನಿತ್ತು ಎಂಬುದನ್ನು ಪದರ ಪದರವಾಗಿ ಚಿತ್ರ ತೆಗೆಯುತ್ತ ಇಳಿಯಿರಿ. ಅಜ್ಜಿ ಜೋಡಿಸಿಟ್ಟ ಕ್ರಮ ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ. ಸೆರಗಿನ ತುದಿಯನ್ನು ಗಂಟು ಕಟ್ಟಿಟ್ಟಿದ್ದರೆ ಬಿಚ್ಚಿ ನೋಡಿ. ಉಡಿ ತುಂಬಿದ ಅಕ್ಕಿ, ಅರಿಸಿನ ಕೊಂಬು, ಬೆಲ್ಲದ ಚೂರು ಹಾಗೆಯೇ ಉಳಿದಿರುವುದುಂಟು. ಅವನ್ನು ಬಟ್ಟೆಯಿಂದ ಬೇರೆ ಮಾಡಲೇಬೇಕು, ಹುಳು ಮೊದಲು ಬರುವುದು ಅದಕ್ಕೇ. ಎಸೆಯಬೇಕೆಂದಿಲ್ಲ, ಪುಟ್ಟ ಗಾಜಿನ ಶೀಶೆಯಲ್ಲಿ ಹಾಕಿ ಬೇರೆಡೆ ಇಡಿ.

ಕೆಳಗೆ ಹಾಸಿದ ಸುದ್ದಿ ಪತ್ರಿಕೆ, ಅಂಗಡಿಯ ಕಾಗದದ ಚೀಲ, ಅಂಚಿಗೆ ಅಂಟಿದ ಚೀಟಿ, ಬಿಲ್ಲು ಇವು ನಿಮ್ಮ ಸೀರೆಯ ಜನ್ಮಪತ್ರಿಕೆ. ಬೆಲೆಯನ್ನು ರೂಪಾಯಿ, ಆಣೆ, ಪೈಗಳಲ್ಲಿ ಬರೆದಿದ್ದರೆ ಅದು ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು, ಹೊಸ ಪೈಸೆ ಬಂದದ್ದು ಆ ವರ್ಷದ ಏಪ್ರಿಲ್‌ನಲ್ಲಿ. ಅಂಗಡಿಯ ವಿಳಾಸದಲ್ಲಿ ಧಾರವಾಡವೋ ಹುಬ್ಬಳ್ಳಿಯೋ ಮುಂಬಯಿ ರಾಜ್ಯದಲ್ಲಿದ್ದರೆ 1956ರ ನವೆಂಬರ್‌ಗಿಂತ ಮುಂಚೆ. ಮೈಸೂರು ರಾಜ್ಯವೆಂದಿದ್ದರೆ 1956ರಿಂದ 1973ರೊಳಗೆ. ಪಿನ್ ಕೋಡ್ ಇದ್ದರೆ 1972ರ ನಂತರ. ಮದುವೆಯಾದ ವರ್ಷ ಯಾರಿಗೂ ನೆನಪಿಲ್ಲದ ಮನೆಗಳಲ್ಲಿ ಇಂಥ ತುಣುಕು ಕಾಗದವೇ ಸಾಕ್ಷಿ ಹೇಳುತ್ತದೆ. ಚಿತ್ರ ತೆಗೆದ ಮೇಲೆ ಆ ಕಾಗದವನ್ನು ಬಟ್ಟೆಯಿಂದ ದೂರ ಇಡಿ. ಸುದ್ದಿ ಪತ್ರಿಕೆಯ ಕಾಗದದಲ್ಲಿ ಆಮ್ಲ ಹೆಚ್ಚು, ವರ್ಷಗಳುರುಳಿದಂತೆ ಅದು ಬಟ್ಟೆಗೆ ಇಳಿದು ಹಳದಿ ಬರಿಸುತ್ತದೆ, ಎಳೆಯನ್ನು ಮುರುಕು ಮಾಡುತ್ತದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ವಿಷಯ. ಅಜ್ಜಿಯ ಓರಗೆಯವರು, ಅವರನ್ನು ಬಲ್ಲ ಹಿರಿಯರು ಯಾರಾದರೂ ಇದ್ದಾರೆಯೇ? ಅಜ್ಜಿಯ ತಂಗಿ, ನಾದಿನಿ, ನಿಮ್ಮ ದೊಡ್ಡವ್ವ, ಧಾರವಾಡದ ಹಳೆ ಓಣಿಯ ನೆರೆಯವರು? ಇದ್ದರೆ ಸೀರೆಯ ಕೆಲಸ ಒಂದು ವಾರ ತಡವಾಗಲಿ, ಅವರ ಹತ್ತಿರ ಹೋಗಿ. ಇಷ್ಟು ವರ್ಷ ತಾಳಿದ ರೇಷ್ಮೆ ಇನ್ನೊಂದು ವಾರ ತಾಳುತ್ತದೆ. ಎಂಬತ್ತೈದು ದಾಟಿದವರ ನೆನಪಿಗೆ ಆ ಭರವಸೆಯಿಲ್ಲ. ಬಟ್ಟೆ ಉಳಿಸುವ ಕೆಲಸದಲ್ಲಿ ನಾನು ಕಂಡಿರುವುದು ಇಷ್ಟು: ಯಾರದೆಂದು ಗೊತ್ತಿರುವ ಸೀರೆ ಹರಿದರೂ ಮನೆಯಲ್ಲಿ ಉಳಿಯುತ್ತದೆ, ಯಾರದೆಂದು ಮರೆತುಹೋದ ಸೀರೆ ಎಷ್ಟೇ ಗಟ್ಟಿಯಿದ್ದರೂ ಒಂದು ಪೀಳಿಗೆ ದಾಟುವಷ್ಟರಲ್ಲಿ ಜರಿಯವರ ಪಾಲಾಗುತ್ತದೆ.

ಹೋದಾಗ ‘ಅಜ್ಜಿ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ಭಾಳ ಛಲೋ ಇದ್ಲು, ಭಾಳ ಕಷ್ಟ ಪಟ್ಲು’ ಎಂದು ಮಾತು ಮುಗಿದುಹೋಗುತ್ತದೆ. ಅವರ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ ಸೀರೆಯ ಅಂಚನ್ನು ಇಡಿ. ಕೈ ತಾಕಿದರೆ ಮಾತು ತಾನಾಗಿ ಬರುತ್ತದೆ. ಸಣ್ಣ ಸಣ್ಣದು ಕೇಳಿ. ಸೀರೆ ಆರಿಸಿದವರು ಯಾರು, ಹುಡುಗಿಯನ್ನು ಕೇಳಿದ್ದರೇ? ಜವಳಿ ತರಲು ಯಾವ ಊರಿಗೆ ಹೋದರು, ಗಾಡಿಯಲ್ಲೋ ರೈಲಿನಲ್ಲೋ? ದುಡ್ಡು ಎಲ್ಲಿಂದ ಬಂತು, ಯಾವ ಹೊಲದ ಫಸಲು ಮಾರಿದ್ದರು? ಮದುವೆಯ ನಂತರ ಇದನ್ನು ಮತ್ತೆ ಉಟ್ಟದ್ದು ಯಾವಾಗ, ಕುಬಸಕ್ಕೋ, ಮಗನ ಮುಂಜಿಗೋ, ಗೌರಿ ಹಬ್ಬಕ್ಕೋ? ಬೇರೆ ಯಾರಾದರೂ ಎರವಲು ಉಟ್ಟಿದ್ದರೇ? ಎರವಲಿನ ಪ್ರಶ್ನೆಯನ್ನು ತಪ್ಪದೆ ಕೇಳಿ. ಒಳ್ಳೆಯ ಜರಿ ಸೀರೆ ಆಗ ಓಣಿಗೆ ಒಂದೋ ಎರಡೋ ಇರುತ್ತಿತ್ತು, ಒಂದೇ ಸೀರೆಯಲ್ಲಿ ನಾಲ್ಕು ಮನೆಯ ಸೊಸೆಯಂದಿರ ಫೋಟೊ ಇರುವುದುಂಟು. ಅಂಥ ಫೋಟೊ ಸಿಕ್ಕರೆ ಅದನ್ನೂ ಇದರ ಜೊತೆ ಸೇರಿಸಿ.

ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರನ್ನೊಬ್ಬರು ತಿದ್ದುತ್ತಾರೆ, ಜಗಳವಾಡುತ್ತಾರೆ. ಆಡಲಿ. ಯಾರದು ನಿಜ ಎಂದು ತೀರ್ಮಾನಿಸಲು ಹೋಗದೆ ಎರಡನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ಧ್ವನಿ ದಾಖಲಿಸಿ, ಅದೇ ದಿನ ಇನ್ನೆರಡು ಕಡೆ ನಕಲು ಇಡಿ.

ಇನ್ನೊಂದು ಪ್ರಶ್ನೆಯಿದೆ. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುತ್ತಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೊಸ ಹೆಸರು ಬರೆಸುವ ಪದ್ಧತಿ. ತವರಿನಲ್ಲಿ ಕರೆಯುತ್ತಿದ್ದ ಹೆಸರು ಅಂದಿಗೆ ಮುಗಿಯುತ್ತಿತ್ತು. ನಿಮ್ಮ ಅಜ್ಜಿಯ ಮನೆಯಲ್ಲೂ ಆ ಪದ್ಧತಿ ಇದ್ದಿದ್ದರೆ, ಈ ಸೀರೆ ಉಟ್ಟು ಹಸೆಮಣೆಗೆ ಹೋದಾಗ ಅವರಿಗಿದ್ದ ಹೆಸರು ನಿಮಗೆ ಗೊತ್ತಿಲ್ಲದೆಯೂ ಇರಬಹುದು. ಕೇಳಿ ಬರೆದಿಡಿ. ಬರೆಯುವಾಗ ಅಜ್ಜಿ, ದೊಡ್ಡವ್ವ, ಚಿಗವ್ವ ಎಂದು ನಿಲ್ಲಿಸದೆ ಪೂರ್ತಿ ಹೆಸರು, ತವರೂರು, ಗಂಡನ ಮನೆಯ ಊರು ಹಾಕಿ. ನಿಮ್ಮ ಅಜ್ಜಿ ನಿಮ್ಮ ಮೊಮ್ಮಕ್ಕಳಿಗೆ ಅಜ್ಜಿಯಲ್ಲ. ಆ ಚೀಟಿ ಓದುವವರಿಗೆ ಅದು ಯಾರೆಂದು ತಿಳಿಯುವಂತಿರಬೇಕು. ಪಿಷ್ಟ ತೊಳೆದು ತೆಗೆದ ಹತ್ತಿಯ ಲಾಡಿಯ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಇಷ್ಟನ್ನು ಬರೆದು, ಜರಿ ತಪ್ಪಿಸಿ, ಗಟ್ಟಿಯಿರುವ ಒಂದು ಮೂಲೆಗೆ ಎರಡೇ ಸಡಿಲ ಹೊಲಿಗೆಯಲ್ಲಿ ಸಿಕ್ಕಿಸಿ. ಸೇಫ್ಟಿ ಪಿನ್ ಬೇಡ, ತುಕ್ಕು ಹಿಡಿಯುತ್ತದೆ.

ಸೀರೆ ಸೀಳುತ್ತಿರುವುದು ಮಡಿಕೆಗಳಲ್ಲಿ ಎಂದಿರಿ. ಹಳೆ ಜರಿ ಸೀರೆಗಳ ಮಾಮೂಲಿ ಕಾಯಿಲೆ ಇದು. ರೇಷ್ಮೆ ಒಂದು ಪ್ರೋಟೀನ್. ಬೆಳಕು, ಬೆವರಿನ ಉಪ್ಪು, ಬಿಸಿ ತಗುಲುತ್ತ ಹೋದಂತೆ ಅದರ ಎಳೆ ಒಳಗೇ ತುಂಡಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಪಕ್ಕದಲ್ಲೇ ಚಪ್ಪಟೆ ಬೆಳ್ಳಿ ಪಟ್ಟಿಯಿದೆ, ಅದರ ಅಂಚು ಹರಿತ. ಹತ್ತಾರು ವರ್ಷ ಒಂದೇ ಗೆರೆಯಲ್ಲಿ ಮಡಿಸಿ ಮೇಲೆ ಭಾರ ಹೇರಿದರೆ ಆ ಪಟ್ಟಿಯೇ ರೇಷ್ಮೆಯನ್ನು ಕೊಯ್ಯುತ್ತದೆ. ಹಾಗಾಗಿ ಮೊದಲ ಮದ್ದೆಂದರೆ ಮಡಿಕೆ ಬಿಡಿಸುವುದು. ಶುಭ್ರವಾದ ಹಾಸಿಗೆಯ ಮೇಲೆ ಹತ್ತಿಯ ದುಪ್ಪಟಿ ಹಾಸಿ, ಉಂಗುರ ಬಳೆ ತೆಗೆದು, ಕೈ ತೊಳೆದು ಒರೆಸಿಕೊಂಡು, ಇಬ್ಬರು ಸೇರಿ ನಿಧಾನ ಬಿಡಿಸಿ. ಎಳೆಯಬಾರದು, ಜಾಡಿಸಬಾರದು, ಇಸ್ತ್ರಿ ಕೂಡದು. ಸುಕ್ಕು ತಾನಾಗಿ ಎಷ್ಟು ಸಡಿಲವಾಗುತ್ತದೋ ಅಷ್ಟು ಸಾಕು.

ಆಮೇಲೆ ಸುತ್ತಿಡುವುದು. ಅಂಗೈ ಅಗಲದ ವ್ಯಾಸವಿರುವ, ಸೀರೆಯ ಪನ್ನಕ್ಕಿಂತ ಸ್ವಲ್ಪ ಉದ್ದದ ರಟ್ಟಿನ ಕೊಳವೆ ಬಟ್ಟೆ ಅಂಗಡಿಗಳಲ್ಲಿ ಸಿಗುತ್ತದೆ. ರಟ್ಟು ನೇರವಾಗಿ ತಾಗಬಾರದು, ಅದಕ್ಕೆ ಮಲ್ ಎಂಬ ತೆಳು ಹತ್ತಿ ಬಟ್ಟೆಯನ್ನು ದಪ್ಪಗೆ ಸುತ್ತಿ. ಮಲ್ಲನ್ನು ಮೊದಲು ಎರಡು ಸಲ ಬಿಸಿ ನೀರಲ್ಲಿ ಒಗೆದು ಗಂಜಿ ಪೂರ್ತಿ ತೆಗೆಯಿರಿ, ಗಂಜಿ ಬೆಳ್ಳಿಮೀನು (ಸಿಲ್ವರ್‌ಫಿಶ್) ಹುಳಕ್ಕೆ ಊಟ. ಸೀರೆಯ ಮೇಲೆ ಇನ್ನೊಂದು ಮಲ್ ಹಾಸಿ, ಎರಡನ್ನೂ ಸೇರಿಸಿ ಸಡಿಲವಾಗಿ ಕೊಳವೆಗೆ ಸುತ್ತುತ್ತ ಹೋಗಿ, ಹೊರಗೆ ಹತ್ತಿ ಲಾಡಿಯಿಂದ ಮೆತ್ತಗೆ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಲೇಬಾರದು, ಅದರೊಳಗಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಸುತ್ತಿಡಲು ಜಾಗವಿಲ್ಲದಿದ್ದರೆ ಮಡಿಕೆಯೊಳಗೆ ಮಲ್ ಬಟ್ಟೆಯ ಸುರುಳಿಯಿಟ್ಟು ಗೆರೆ ಚೂಪಾಗದಂತೆ ಮಡಿಸಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಹ್ಯಾಂಗರಿಗೆ ತೂಗು ಹಾಕುವುದು ಅತಿ ಕೆಟ್ಟದ್ದು, ಜರಿಯ ಭಾರವೇ ಸೀರೆಯನ್ನು ಹರಿಯುತ್ತದೆ.

ಡ್ರೈ ಕ್ಲೀನ್ ಬೇಡ. ಒಳ್ಳೆಯ ಅಂಗಡಿಯಾದರೂ ಬೇಡ. ಗಟ್ಟಿ ಸೀರೆಗೆ ಅದು ಸರಿಯೇ. ಮುರುಕು ರೇಷ್ಮೆಯನ್ನು ಯಂತ್ರದ ಪೀಪಾಯಿಯಲ್ಲಿ ತಿರುಗಿಸಿದರೆ ಮಡಿಕೆಯ ಸೀಳುಗಳೆಲ್ಲ ಉದ್ದಕ್ಕೂ ಹರಿದುಕೊಳ್ಳುತ್ತವೆ. ರೋಲ್ ಪಾಲಿಶ್ ಅಂತೂ ಹತ್ತಿರ ಸುಳಿಯಬಾರದು, ಅದರಲ್ಲಿ ಗಂಜಿ ಕೊಟ್ಟು ಎಳೆದು ಬಿಸಿಯಾಗಿ ಒತ್ತುತ್ತಾರೆ. ಧೂಳು ತೆಗೆಯಬೇಕೆಂದರೆ ಸೀರೆಯ ಮೇಲೆ ಸಣ್ಣ ಜಾಲಿ ಬಟ್ಟೆ ಹಿಡಿದು ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ವೇಗದಲ್ಲಿ ಮೇಲಿನಿಂದ ಆಡಿಸಿದರೆ ಸಾಕು.

ಅರಿಸಿನದ ಕಲೆಯನ್ನು ಹಾಗೇ ಬಿಡಿ. ಕಾರಣ ಎರಡು. ಅರಿಸಿನಕ್ಕೆ ಸೋಪಿನ ಕ್ಷಾರ ತಗುಲಿದರೆ ಅದು ಕುಂಕುಮದಂತೆ ಕೆಂಪಾಗುತ್ತದೆ, ಅಡುಗೆಮನೆಯಲ್ಲಿ ನೀವೇ ನೋಡಿರುತ್ತೀರಿ. ಬಿಸಿಲಿಗಿಟ್ಟರೆ ಅರಿಸಿನ ಮಾಸುತ್ತದೆ ನಿಜ, ಆದರೆ ಅದೇ ಬಿಸಿಲು ರೇಷ್ಮೆಯನ್ನೂ ತಿನ್ನುತ್ತದೆ. ಎರಡನೆಯದು ನನ್ನ ಅಭಿಪ್ರಾಯ, ಇದರಲ್ಲಿ ನಾನು ಗಟ್ಟಿ. ಆ ಕಲೆ ಕೊಳೆಯಲ್ಲ. ಮದುವೆಯ ಆ ಬೆಳಗ್ಗೆ ಮೇಲೆ ಬಿದ್ದ ಅಕ್ಷತೆಯದೋ, ಆಮೇಲೆ ಎಂದೋ ಉಡಿ ತುಂಬಿದವರ ಕೈಯದೋ ಗುರುತು ಅದು. ಸೊಂಟದ ಬಳಿ ಬಣ್ಣ ಮಾಸಿದ ಪಟ್ಟಿ, ಅಂಚು ಹೆಜ್ಜೆಗೆ ಸವೆದ ಜಾಗ, ಯಾರೋ ಬೇರೆ ಬಣ್ಣದ ದಾರದಲ್ಲಿ ಅವಸರವಾಗಿ ಹಾಕಿದ ತೇಪೆ, ಇವನ್ನೆಲ್ಲ ಅಳಿಸಿ ಸೀರೆಯನ್ನು ಹೊಸದರಂತೆ ಮಾಡಿದರೆ ಕೈಯಲ್ಲಿ ಉಳಿಯುವುದು ಯಾರದೋ ಒಂದು ಹಳೆ ಸೀರೆ. ನಿಮ್ಮ ಅಜ್ಜಿ ಅದರಲ್ಲಿರುವುದಿಲ್ಲ. ಕಲೆಗಳ ಚಿತ್ರ ತೆಗೆದು, ಅವು ಯಾವಾಗಿನವೆಂದು ತಿಳಿದಿದ್ದರೆ ಬರೆದಿಡಿ. ಹಾಲಿನಂಥ ಜಿಗುಟು ಕಲೆ ಇದ್ದರೆ ಮಾತ್ರ ಪರಿಣತರಿಗೆ ತೋರಿಸಿ, ಅದು ಹುಳುವನ್ನು ಕರೆಯುತ್ತದೆ.

ಕಪ್ಪಾದ ಜರಿಗೂ ಅದೇ ಮಾತು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಸೇರಿ ಆ ಕಪ್ಪು ಬರುತ್ತದೆ. ಚಿನ್ನದ ಲೇಪ ಎಲ್ಲಿ ಸವೆದಿದೆಯೋ ಅಲ್ಲಿ ಹೆಚ್ಚು. ಹುಣಸೆ, ನಿಂಬೆ, ವಿಭೂತಿ, ಬೆಳ್ಳಿ ಪಾಲಿಶ್ ದ್ರಾವಣ ಹಚ್ಚಿ ಉಜ್ಜಿದರೆ ಉಳಿದ ಚಿನ್ನವೂ ಹೋಗಿ ಜರಿ ಬೆಳ್ಳಗಾಗುತ್ತದೆ, ಆಮ್ಲ ಒಳಗಿನ ರೇಷ್ಮೆಗೆ ಇಳಿಯುತ್ತದೆ. ಸೀಳುಗಳಿಗೆ ಮೆಷಿನ್ ಹೊಲಿಗೆ, ಅಂಟು, ಸೆಲ್ಲೋ ಟೇಪ್, ಇಸ್ತ್ರಿಯಿಂದ ಅಂಟಿಸುವ ಬಟ್ಟೆ ಯಾವುದನ್ನೂ ಹಾಕಿಸಬೇಡಿ. ಸರಿಯಾದ ದುರಸ್ತಿಯಲ್ಲಿ ಹಿಂದೆ ತೆಳುವಾದ ಆಸರೆ ಬಟ್ಟೆಯಿಟ್ಟು, ಎಳೆಗಳ ನಡುವೆ ಸೂಜಿ ಇಳಿಸಿ, ಸಡಿಲ ಹೊಲಿಗೆಯಿಂದ ಹಿಡಿದು ನಿಲ್ಲಿಸುತ್ತಾರೆ. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಗುರುತಿಲ್ಲದೆ ಬಿಚ್ಚಲು ಬರಬೇಕು. ಈ ಕೆಲಸ ತಿಳಿದವರಿಗೇ ಬಿಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ರಕ್ಷಣಾ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯಿದೆ. ಸೀರೆ ಹೊತ್ತೊಯ್ಯುವ ಮೊದಲು ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊಗಳೊಂದಿಗೆ ಸಲಹೆ ಕೇಳಿ.

ಇಡುವ ಜಾಗದ ವಿಷಯ ಚುಟುಕಾಗಿ ಹೇಳುತ್ತೇನೆ. ಕತ್ತಲು, ತಂಪು, ಒಣ ಹವೆ ಮೂರೂ ಬೇಕು. ಬಚ್ಚಲುಮನೆಯ ಗೋಡೆಗೆ ತಾಗಿದ ಬೀರು ಬೇಡ, ನೆಲಕ್ಕೆ ತಾಗಿದ ಕೆಳಖಾನೆ ಬೇಡ, ಪ್ಲಾಸ್ಟಿಕ್ ಚೀಲ ಬೇಡ. ಟ್ರಂಕನ್ನೇ ಬಳಸುವ ಮನಸ್ಸಿದ್ದರೆ ಒಳಗೆ ತುಕ್ಕಿಲ್ಲವೆಂದು ನೋಡಿ ದಪ್ಪ ಹತ್ತಿ ಬಟ್ಟೆ ಹಾಸಿ. ಬೇವಿನ ಒಣಸೊಪ್ಪು, ಬಜೆ, ಲಾವಂಚವನ್ನು ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಬಹುದು, ಸೀರೆಗೆ ತಾಗಬಾರದು. ಅವು ಹುಳುವನ್ನು ದೂರವಿಡಲು ನೆರವಾಗುತ್ತವೆ, ಬಂದದ್ದನ್ನು ಕೊಲ್ಲುವುದಿಲ್ಲ. ಮಳೆಗಾಲ ಕಳೆದ ಮೇಲೊಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ ತೆಗೆದು ನೋಡುವ ಅಭ್ಯಾಸಕ್ಕೆ ಸಮನಾದ ಔಷಧಿಯಿಲ್ಲ. ಗಾಜಿನ ಚೌಕಟ್ಟು ಹಾಕಿ ಹಜಾರದಲ್ಲಿ ತೂಗುಹಾಕುವ ಆಸೆ ಹಲವರಿಗಿರುತ್ತದೆ. ವಸ್ತು ಸಂಗ್ರಹಾಲಯಗಳಲ್ಲಿ ಹಳೆ ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬ ನಿಯಮವಿದೆ, ಅದು ಮಬ್ಬು ಬೆಳಕು. ಕಿಟಕಿಯಿರುವ ಹಜಾರದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ಸೀರೆಯ ಒಳ್ಳೆಯ ಫೋಟೊಗೆ ಚೌಕಟ್ಟು ಹಾಕಿಸಿ, ಸೀರೆಗಲ್ಲ.

ನುಸಿಗುಳಿಗೆಯ ವಿಷಯ ಬೇರೆಯಾಗಿ ಹೇಳಬೇಕು, ನಿಮ್ಮ ಮನೆಗೆ ಮಗು ಬರುತ್ತಿದೆ. ನುಸಿಗುಳಿಗೆಯಲ್ಲಿರುವ ನಾಫ್ತಲೀನ್ ಬಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳನ್ನು ಅಂಥ ಬಟ್ಟೆಯಲ್ಲಿ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು, ಕಾಮಾಲೆ ವಿಪರೀತಕ್ಕೆ ಹೋಗುವ ಅಪಾಯವಿದೆ. ಕೊರತೆ ಇದೆಯೋ ಇಲ್ಲವೋ ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಆದ್ದರಿಂದ ಧಾರೆ ಸೀರೆಯಲ್ಲಿ ಮಗುವನ್ನು ಸುತ್ತುವುದು ಬೇಡವೇ ಬೇಡ, ಲೋಹದ ಜರಿ ಎಳೆ ಮಗುವಿನ ಚರ್ಮಕ್ಕೂ ಒಳ್ಳೆಯದಲ್ಲ. ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಇದ್ದರೆ ಅದರೊಳಗಿನ ಯಾವ ಬಟ್ಟೆಯನ್ನೂ ಮಗುವಿಗೆ ಬಳಸಬೇಡಿ, ಒಗೆದರೆ ಸರಿಹೋಯಿತೆಂಬ ಧೈರ್ಯ ಬೇಡ. ಅವ್ವನ ಆಸೆ ತೀರಿಸಲು ದಾರಿಯಿದೆ. ಅಜ್ಜಿ ದಿನನಿತ್ಯ ಉಡುತ್ತಿದ್ದ, ನುಸಿಗುಳಿಗೆ ಸೋಕದೆ ಹೊರಗಿದ್ದ ಹತ್ತಿ ಸೀರೆ ಯಾವ ಮಗಳ ಬಳಿಯಾದರೂ ಇರುತ್ತದೆ. ಒಗೆದು ಒಗೆದು ಬೆಣ್ಣೆಯಂತಾದ ಆ ಬಟ್ಟೆಯೇ ಬಾಣಂತಿ ಮನೆಗೆ ಹೇಳಿ ಮಾಡಿಸಿದ್ದು. ಹಿಂದಿನವರೂ ಮಗುವನ್ನು ಸುತ್ತುತ್ತಿದ್ದದ್ದು ಅಂಥದರಲ್ಲೇ. ನುಸಿಗುಳಿಗೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಸೇರಿಸಿದರೆ ಎರಡೂ ಕರಗಿ ದ್ರವವಾಗಿ ಬಟ್ಟೆಗೆ ಕಲೆ ಬೀಳುತ್ತದೆ, ಇದನ್ನೂ ನೆನಪಿಡಿ.

ಚಂದ್ರಕಾಳಿ ಸೀರೆಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಕೇಳಿದರೆ ನಿಮ್ಮ ಟ್ರಂಕಿನ ದೊಡ್ಡ ಆಸ್ತಿ ಅದೇ ಇರಬಹುದು. ಜರಿಯವರು ಅದನ್ನು ಕೇಳಲಿಲ್ಲ, ಅದರಲ್ಲಿ ಕರಗಿಸಲು ಏನೂ ಇಲ್ಲ. ಧಾರವಾಡ ಕಡೆಯ ಮದುಮಗಳ ಸೀರೆಗಳಲ್ಲಿ ಕಪ್ಪು ಚಂದ್ರಕಾಳಿಗೆ ಖಾಯಂ ಜಾಗವಿತ್ತು, ಅದರ ಮೇಲಿನ ಕಸೂತಿಯನ್ನು ಎಷ್ಟೋ ವೇಳೆ ಮನೆಯ ಹೆಂಗಸರೇ ಹಾಕುತ್ತಿದ್ದರು. ಕಸೂತಿಯಲ್ಲಿ ನಕ್ಷೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತ ಹೋಗಬೇಕು, ಗಂಟು ಹಾಕುವಂತಿಲ್ಲ. ಸೀರೆಯ ಹಿಂಬದಿ ತಿರುಗಿಸಿ ನೋಡಿ. ಗವಂತಿ, ಮುರಗಿ ಹೊಲಿಗೆಗಳಾದರೆ ಮುಂದೆ ಹಿಂದೆ ಒಂದೇ ಚಿತ್ರ ಕಾಣುತ್ತದೆ. ನೇಗಿಯಾದರೆ ನೇಯ್ದಂತೆ ಕಾಣುತ್ತದೆ, ಮೆಂತೆಯಾದರೆ ಎಳೆಗಳು ಗುಣಾಕಾರದ ಗುರುತಿನಂತೆ ಒಂದನ್ನೊಂದು ದಾಟುತ್ತವೆ. ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲು ಯಾವ ಕ್ರಮದಲ್ಲಿವೆ, ಎಲ್ಲಿ ಎಣಿಕೆ ತಪ್ಪಿ ಆನೆಯ ಕಾಲು ಗಿಡ್ಡವಾಗಿದೆ ಎಂದು ನೋಡುತ್ತ ಹೋದರೆ ಹಾಕಿದವರ ಕೈ ಗುರುತು ಸಿಗುತ್ತದೆ. ಒಂದೇ ಸೀರೆಯಲ್ಲಿ ಇಬ್ಬರ ಕೈ ಕಾಣುವುದೂ ಉಂಟು, ತಾಯಿಯದೊಂದು, ಕಲಿಯುತ್ತಿದ್ದ ಮಗಳದೊಂದು. ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಿ: ಈ ಕಸೂತಿ ಯಾರದು? ಕಪ್ಪು ಬಣ್ಣ ನೀರಿಗೆ ಬಿಡುವ ಸಾಧ್ಯತೆ ಹೆಚ್ಚು, ಬಿಳಿ ಕಸೂತಿಗೆ ಹತ್ತಿದರೆ ತೆಗೆಯಲಾಗದು. ಒಗೆಯಬೇಡಿ.

ಇಳಕಲ್ ಸೀರೆಗಳ ಮಟ್ಟಿಗೆ ನನ್ನ ಸಲಹೆ ತದ್ವಿರುದ್ಧ. ಗಟ್ಟಿಯಿದ್ದರೆ ಉಡಿ. ಒಡಲಿನ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್ ನೇಕಾರರ ವಿಶೇಷ. ಆ ಕೊಂಡಿ ಸಾಲನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಬಿಟ್ಟಿಲ್ಲವಾದರೆ ಚಿಂತೆಯಿಲ್ಲ. ಅಜ್ಜಿಯ ಇಳಕಲ್ ಉಟ್ಟು ಹಬ್ಬಕ್ಕೆ ನಿಂತ ಮೊಮ್ಮಗಳನ್ನು ಕಂಡು ಓಣಿಯ ಹಿರಿಯರು ಆಡುವ ಮಾತುಗಳು ಯಾವ ಬೀರುವಿನಲ್ಲೂ ಸಿಗುವುದಿಲ್ಲ. ಸುಗಂಧವನ್ನು ಸೀರೆಯ ಮೇಲೆ ಸಿಂಪಡಿಸಬೇಡಿ, ಉಟ್ಟ ಮೇಲೆ ನೆರಳಲ್ಲಿ ಗಾಳಿಗೆ ಹಾಕಿ ಎತ್ತಿಡಿ. ಅಷ್ಟೇ.

ಇನ್ನು ಪಾಲಿನ ಮಾತು. ಮೂವರಿಗೂ ಅಜ್ಜಿ ಬೇಕು ಎನ್ನುವುದರಿಂದಲೇ ಈ ಜಗಳ ಹುಟ್ಟಿದೆ, ಅದನ್ನು ಕೆಟ್ಟದ್ದೆಂದು ನಾನು ತಿಳಿಯುವುದಿಲ್ಲ. ಆದರೂ ಧಾರೆ ಸೀರೆಯನ್ನು ಕತ್ತರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುರುಕು ರೇಷ್ಮೆಯ ಲಂಗ ನಾಲ್ಕು ಸಲ ಉಡುವಷ್ಟರಲ್ಲಿ ಚಿಂದಿಯಾಗುತ್ತದೆ, ಜರಿ ಅಂಚು ಬೇರೆ ಬಟ್ಟೆಗೆ ಹೊಲಿದರೂ ಒಳಗಿನ ರೇಷ್ಮೆ ಎಳೆ ಹಳೆಯದೇ. ಹದಿನೆಂಟು ಮೊಳ ಪೂರ್ತಿ ಇದ್ದರಷ್ಟೇ ಅದು ಕಚ್ಚೆ ಹಾಕಿ ಉಡುತ್ತಿದ್ದ ಸೀರೆಯೆಂದು ಮುಂದಿನವರಿಗೆ ತಿಳಿಯುತ್ತದೆ. ಸೀರೆ ಒಬ್ಬರ ಮನೆಯಲ್ಲಿರಲಿ, ಮೂವರ ಹೆಸರಲ್ಲಿರಲಿ. ಯಾರ ಮನೆ ಎನ್ನುವುದನ್ನು ಯಾರು ಹಿರಿಯರು ಎನ್ನುವುದರ ಮೇಲೆ ನಿರ್ಧರಿಸಬೇಡಿ, ಒಣ ಹವೆಯ ಊರಲ್ಲಿ ಇರುವವರು ಇಟ್ಟುಕೊಳ್ಳಲಿ. ಸೀರೆ ತೆಗೆದು ನೋಡುವ ದಿನ ವರ್ಷಕ್ಕೊಮ್ಮೆಯಾದರೂ ಮೂವರೂ ಸೇರಿ. ಧ್ವನಿ ದಾಖಲೆ, ಫೋಟೊ, ಬರೆದಿಟ್ಟ ವಿವರ ಮೂರೂ ಮನೆಯಲ್ಲಿರಲಿ.

ಕತ್ತರಿಸಿ ಹಂಚಿಕೊಳ್ಳುವ ಆಸೆಗೆ ನಮ್ಮ ಕಡೆ ಮೊದಲಿಂದಲೂ ಒಂದು ದಾರಿಯಿದೆ, ಅದು ನಿಮ್ಮ ಟ್ರಂಕಿನಲ್ಲೇ ಇದೆ. ಕೌದಿ. ಉಡಲು ಬಾರದಷ್ಟು ಸವೆದ ಹತ್ತಿ ಸೀರೆ, ಧೋತರ, ಅಂಗಿಗಳನ್ನು ಪದರ ಪದರ ಜೋಡಿಸಿ ಉದ್ದಕ್ಕೂ ಓಟದ ಹೊಲಿಗೆ ಹಾಕಿ ಮಾಡುವ ಹೊದಿಕೆ. ಮನೆ ಮನೆಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರು ಉತ್ತರ ಕರ್ನಾಟಕದಲ್ಲಿ ಈಗಲೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ, ಕವಂದಿ ಎಂದು ಕರೆಯುವ ಕೌದಿಗಳು ಈಗ ಹೊರದೇಶಗಳಲ್ಲೂ ಹೆಸರು ಮಾಡಿವೆ. ಅವರು ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫುಲ’ ಹೊಲಿಯದೆ ಕವಂದಿ ಮುಗಿಸುವುದಿಲ್ಲ. ಅಜ್ಜಿಯ ಸೀರೆಗಳಲ್ಲಿ ದುರಸ್ತಿಗೂ ಮೀರಿ ಹರಿದದ್ದು ಯಾವುದೋ ಅದನ್ನು ಆರಿಸಿ ಮೂರು ಚಿಕ್ಕ ಕೌದಿ ಹೊಲಿಸಿ. ಯಾವ ತುಂಡು ಯಾವ ಸೀರೆಯದೆಂದು ಹೊಲಿಯುವ ಮುನ್ನವೇ ಕಾಗದದ ಮೇಲೆ ನಕ್ಷೆ ಬರೆದಿಡಿ. ಹಳೆಯ ಕೌದಿಗೂ ಅಂಥದ್ದೇ ನಕ್ಷೆ ಮಾಡಬೇಕು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ತೇಪೆಯ ಮೇಲೂ ಬೆರಳಿಟ್ಟು ಕೇಳಿ. ‘ಇದು ನನ್ನ ಸಾಲಿ ಪರಕಾರದ್ದು, ಇದು ಕಾಕಾನ ಅಂಗಿ’ ಎಂದು ಅವರು ಹೇಳುತ್ತ ಹೋದರೆ ಬರೆಯಲು ನಿಮಗೆ ಪುಟ ಸಾಲುವುದಿಲ್ಲ.

ಹಣದ ಅಗತ್ಯವೇ ಇದ್ದರೆ, ಅದನ್ನು ಮುಚ್ಚಿಟ್ಟು ತಂಗಿಯನ್ನು ದೂರುವುದು ಬೇಡ. ಮಾರಲೇಬೇಕಾದರೆ ತೂಕಕ್ಕೆ ಮಾರಬೇಡಿ. ಹಳೆಯ ಕೈಮಗ್ಗದ ಸೀರೆಗಳನ್ನು ಸೀರೆಯಾಗಿಯೇ ಕೊಳ್ಳುವ ಸಂಗ್ರಾಹಕರು, ಜವಳಿ ವಿನ್ಯಾಸದ ಕಾಲೇಜುಗಳು, ವಸ್ತು ಸಂಗ್ರಹಾಲಯಗಳಿವೆ. ಮದುವೆಯ ವರ್ಷ, ಊರು, ಉಟ್ಟವರ ಹೆಸರು, ಫೋಟೊ ಜೊತೆಗಿದ್ದರೆ ಅವರು ಕೊಡುವ ಬೆಲೆಯೂ ಬೇರೆ, ಸೀರೆಯ ಮುಂದಿನ ಆಯುಷ್ಯವೂ ಬೇರೆ. ಅದಕ್ಕಾದರೂ ಆ ಹಿರಿಯರ ಮನೆಗೆ ಈ ವಾರವೇ ಹೋಗಿ ಬನ್ನಿ.